ಬಟ್ಟೆಯೊಡನೆ ಮನೆಗೆ ಬರುವ ವಿಷ: ಮಾಲೀಕರ ಹೊಣೆ ಎಲ್ಲಿಯವರೆಗೆ?



ಕಾರ್ಖಾನೆಯಲ್ಲಿ ದುಡಿದ ಗಂಡನ ಬಟ್ಟೆ ಒಗೆದ ಹೆಂಡತಿಗೆ ಆ ಕಾರ್ಖಾನೆಯ ವಿಷದಿಂದಲೇ ರೋಗ ಬಂದರೆ ಹೊಣೆ ಯಾರದು? ನಾವು ನೆಲೆಸಿರುವ ಈ ಅಮೆರಿಕದಲ್ಲಿ ಉತ್ತರವು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.

ಊರಿನಲ್ಲಿ ಸೂರಿಗೆ ಹೊದಿಸುವ ಶೀಟುಗಳಿಂದ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ನಮಗೆಲ್ಲ ಪರಿಚಿತ. ಅದರ ಸೂಕ್ಷ್ಮ ಎಳೆಗಳು ಕೆಲಸಗಾರನ ಬಟ್ಟೆ, ಕೂದಲುಗಳಿಗೆ ಅಂಟಿ ಮನೆ ಸೇರುತ್ತವೆ. ಬಟ್ಟೆ ಕೊಡವಿದಾಗ ಗಾಳಿಗೆ ಏಳುತ್ತವೆ. ಅವನ್ನು ಉಸಿರಾಡಿದವರಿಗೆ ಮೂವತ್ತು ನಲವತ್ತು ವರ್ಷಗಳ ಬಳಿಕವೂ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ತಲೆದೋರಬಹುದು. 1965ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದು ಪರಿಶೀಲಿಸಿದ ಇಂತಹ 76 ರೋಗಿಗಳಲ್ಲಿ 9 ಮಂದಿ, ತಾವು ಆ ಕೆಲಸ ಮಾಡದಿದ್ದರೂ, ಕಲ್ನಾರಿನ ಕೆಲಸಗಾರರ ಬಂಧುಗಳಾಗಿದ್ದರು.

ಕೆಲಸಗಾರನಿಗೆ ಕಾರ್ಮಿಕ ಪರಿಹಾರ ಕಾನೂನಿನ ಆಸರೆಯುಂಟು. ಮಾಲೀಕರ ತಪ್ಪನ್ನು ಆತ ಸಾಧಿಸಬೇಕಾಗಿಲ್ಲ. ಮನೆಯವರು ನೌಕರರಲ್ಲವಾದ್ದರಿಂದ ಅವರಿಗೆ ಈ ಆಸರೆಯಿಲ್ಲ. ಅವರು ನಿರ್ಲಕ್ಷ್ಯದ ದಾವೆ ಹೂಡಿ, ತಮ್ಮ ಬಗೆಗೂ ಮಾಲೀಕರಿಗೆ ಕರ್ತವ್ಯವಿತ್ತೆಂದು ಮೊದಲು ಸ್ಥಾಪಿಸಬೇಕು.

2005ರಲ್ಲಿ ಜಾರ್ಜಿಯ ಹಾಗೂ ನ್ಯೂಯಾರ್ಕ್ ರಾಜ್ಯಗಳ ಅತ್ಯುನ್ನತ ನ್ಯಾಯಾಲಯಗಳು ಅಂತಹ ಕರ್ತವ್ಯವಿಲ್ಲವೆಂದವು. ಇಂದು ಹೆಂಡತಿ, ನಾಳೆ ನೆರೆಯವರು. ಹೊಣೆಗೆ ಮೇರೆಯೆಲ್ಲಿ ಎಂಬುದು ಅಲ್ಲಿನ ಅಳುಕು. 2006ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು, ಬಟ್ಟೆ ಒಗೆಯುವ ಮಡದಿಗೆ ಅಪಾಯವಾಗುವುದನ್ನು ಸ್ಥಳದ ಒಡೆಯರು ಮುಂಗಾಣಬಹುದಾಗಿತ್ತೆಂದು ಹೊಣೆಯನ್ನು ಎತ್ತಿಹಿಡಿಯಿತು. 2016ರಲ್ಲಿ ಕ್ಯಾಲಿಫೋರ್ನಿಯ ಇನ್ನೂ ಮುಂದೆ ಹೋಗಿ, ರಕ್ತಸಂಬಂಧವಿರಲಿ ಇಲ್ಲದಿರಲಿ, ಒಂದೇ ಮನೆಯಲ್ಲಿ ವಾಸಿಸುವವರೆಲ್ಲರಿಗೂ ಈ ಕರ್ತವ್ಯ ಸಲ್ಲುತ್ತದೆಂದಿತು. ಮೇರೆಯನ್ನೂ ಅಲ್ಲಿಗೇ ಎಳೆಯಿತು.

ಈ ಮೇರೆ ನಮಗೆ ನ್ಯಾಯವೆನಿಸುತ್ತದೆ. ಧೂಳನ್ನು ಕಾರ್ಖಾನೆಯಲ್ಲೇ ತಡೆಯುವ ಶಕ್ತಿ ಮಾಲೀಕರಿಗುಂಟು. ಒಗೆಯುವಾಕೆಗೆ ಅಪಾಯದ ಅರಿವೂ ಇರುವುದಿಲ್ಲ. ಕಲ್ನಾರು, ಸೀಸಗಳ ಪ್ರಮಾಣ ಗಾಳಿಯಲ್ಲಿ ಮಿತಿ ಮೀರುವ ಕಾರ್ಖಾನೆಗಳಲ್ಲಿ ರಕ್ಷಣಾ ಉಡುಪು, ಬಟ್ಟೆ ಬದಲಿಸುವ ಕೋಣೆ, ಸ್ನಾನದ ಏರ್ಪಾಡು, ಉಡುಪಿನ ಒಗೆತ ಇವೆಲ್ಲ ಮಾಲೀಕರ ಹೊಣೆಯೆಂದು ಕೇಂದ್ರ ನಿಯಮಗಳು ವಿಧಿಸುತ್ತವೆ. ಇದನ್ನು ಕೇಳಿ ಪಡೆಯಲು ನಾವು ಸಂಕೋಚಪಡಬಾರದು. ಹಾಗೆಯೇ, ವೈದ್ಯರು ಉದ್ಯೋಗದ ಬಗ್ಗೆ ಕೇಳಿದಾಗ ಗೃಹಿಣಿಯರು ‘ಮನೆಗೆಲಸ’ ಎಂದಷ್ಟೇ ಹೇಳದೆ, ಗಂಡ, ತಂದೆ, ಮಕ್ಕಳು ಮಾಡಿದ ಕೆಲಸವನ್ನೂ ತಿಳಿಸಬೇಕು.

ಹೊರಗಿನಿಂದ ಬಂದವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ ಒಳಬರಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಲ್ನಾರಿನ ಧೂಳಿಗೆ ಹೊಸ್ತಿಲಲ್ಲಿನ ಎಚ್ಚರ ಸಾಲದು; ಅದು ಕಾರ್ಖಾನೆಯ ಬಾಗಿಲಲ್ಲೇ ನಿಲ್ಲಬೇಕು.