ಮುಂಬಯಿಯ ಬೆಟ್ಟ, ನದಿ ಮತ್ತು ವನವಿಹಾರ

ಉತ್ತರ ಭಾರತದ ಮಹಾನದಿಗಳ ತವರು ಹಿಮಾಲಯ. ಅಲ್ಲಿನ ಶಿಖರಗಳ ಮೇಲೆ ಬಿದ್ದ ಹಿಮವು ಪದರಪದರವಾಗಿ ಸಂಚಯಗೊಂಡು ಹಿಮನದಿಯಾಗುತ್ತದೆ. ಬೇಸಿಗೆಯಲ್ಲಿ ಕರಗಿ ಬಯಲಿಗೆ ಇಳಿಯುತ್ತದೆ. ಗಂಗೋತ್ರಿ ಹಿಮನದಿಯ ಗೋಮುಖದಿಂದ ಹೊರಡುವ ಭಾಗೀರಥಿಯು ಮಳೆಗಾಲಕ್ಕೆ ಮೊದಲೇ ಮೈದುಂಬಿಕೊಳ್ಳುವುದು ಇದರಿಂದಲೇ. ಹಿಮವೆಂದರೆ ಪರ್ವತವು ಕೂಡಿಟ್ಟ ನೀರು. ಪಶ್ಚಿಮ ಕರಾವಳಿಯ ಬೆಟ್ಟಗಳಿಗೆ ಈ ಸೌಲಭ್ಯವಿಲ್ಲ. ನಾಲ್ಕು ತಿಂಗಳು ಸುರಿಯುವ ಮಳೆಯನ್ನು ಇಲ್ಲಿ ಕಾಡು, ಮಣ್ಣು ಮತ್ತು ಕೆರೆಗಳೇ ಹಿಡಿದಿಡಬೇಕು. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಅದು ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ಮುಂಬಯಿ ಮಹಾನಗರದ ನಡುವೆ ಇರುವ ಬೆಟ್ಟಸಾಲು ಒಂದು ನಿದರ್ಶನವಾಗಿದೆ.

ನಗರದ ನಡುವಿನ ಅರಣ್ಯ

ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವು ಸುಮಾರು 104 ಚದರ ಕಿಲೋಮೀಟರ್ ವಿಸ್ತಾರವಾಗಿದೆ. ಹಿಂದೆ ಇದು ಬೋರಿವಲಿ ರಾಷ್ಟ್ರೀಯ ಉದ್ಯಾನವೆಂದು ಹೆಸರಾಗಿತ್ತು. ಪಶ್ಚಿಮಕ್ಕೆ ಬೋರಿವಲಿ, ಮಲಾಡ್, ಗೋರೆಗಾಂವ್, ಪೂರ್ವಕ್ಕೆ ಮುಲುಂಡ್, ಭಾಂಡುಪ್, ಉತ್ತರಕ್ಕೆ ಠಾಣೆ ಹೀಗೆ ಜನನಿಬಿಡ ಬಡಾವಣೆಗಳು ಇದನ್ನು ಸುತ್ತುವರಿದಿವೆ. ಇದರ ಅತಿ ಎತ್ತರದ ಸ್ಥಳವು ಸಮುದ್ರಮಟ್ಟದಿಂದ 450 ಮೀಟರಿಗಿಂತ ಸ್ವಲ್ಪ ಹೆಚ್ಚು. ಹಿಮಶಿಖರಗಳ ಮುಂದೆ ಇದು ಗುಡ್ಡವೇ ಸರಿ. ಆದರೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಬೀಳುವ ನಾಡಿನಲ್ಲಿ ಈ ಎತ್ತರವೇ ನಾಲ್ಕು ನದಿಗಳ ಹುಟ್ಟಿಗೆ ಸಾಕಾಗಿದೆ.

ದಹಿಸರ್ ಮತ್ತು ಪೊಯಿಸರ್ ನದಿಗಳು ಉದ್ಯಾನದ ಒಳಗೇ ಹುಟ್ಟುತ್ತವೆ. ಓಶಿವಾರಾ ನದಿಯ ಉಗಮ ಆರೆ ಪ್ರದೇಶದ ಗುಡ್ಡಗಳಲ್ಲಿದೆ. ವಿಹಾರ ಮತ್ತು ಪವಾಯಿ ಸರೋವರಗಳಿಂದ ತುಂಬಿ ಹೊರಸೂಸುವ ನೀರೇ ಮಿಠಿ ನದಿ. ಸುಮಾರು 18 ಕಿಲೋಮೀಟರ್ ಹರಿದು ಅದು ಮಾಹಿಮ್ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ.

ಕೂಡಿಟ್ಟ ನೀರು

ಮಳೆಯ ನೀರನ್ನು ಕೂಡಿಡುವ ಜಾಣ್ಮೆ ಈ ಬೆಟ್ಟದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಉದ್ಯಾನದ ಮಧ್ಯದಲ್ಲಿರುವ ಕಾನ್ಹೇರಿಯಲ್ಲಿ ಬೌದ್ಧ ಭಿಕ್ಷುಗಳು ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆಸಿದರು. ಅಲ್ಲಿನ ಅನೇಕ ಗುಹೆಗಳ ಪಕ್ಕದಲ್ಲಿ ಬಂಡೆಯಲ್ಲೇ ತೋಡಿದ ನೀರಿನ ತೊಟ್ಟಿಗಳಿವೆ. ಬೆಟ್ಟದ ಮೇಲೆ ಬಿದ್ದ ಮಳೆ ಕಿರುಗಾಲುವೆಗಳ ಮೂಲಕ ಇವುಗಳಿಗೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ವಿಹಾರವಾಸಿಗಳಿಗೆ ಇದೇ ಆಧಾರ.

ಇದೇ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಪ್ರಮಾಣದಲ್ಲಿ ಅನ್ವಯಿಸಲಾಯಿತು. ಬಾವಿ ಮತ್ತು ಕೆರೆಗಳನ್ನೇ ನಂಬಿದ್ದ ನಗರವು 1850ರ ದಶಕದಲ್ಲಿ ತೀವ್ರ ನೀರಿನ ಅಭಾವವನ್ನು ಎದುರಿಸಿದಾಗ, ಹೆನ್ರಿ ಕೋನಿಬೇರ್ ಎಂಬ ಇಂಜಿನಿಯರನ ಯೋಜನೆಯಂತೆ ವಿಹಾರ ಸರೋವರವನ್ನು ನಿರ್ಮಿಸಲಾಯಿತು. 1860ರಲ್ಲಿ ಅಲ್ಲಿಂದ ಕೊಳವೆಯ ಮೂಲಕ ನಗರಕ್ಕೆ ನೀರು ಬಂದಿತು. 1879ರಲ್ಲಿ ತುಳಸಿ ಸರೋವರ ಪೂರ್ಣಗೊಂಡಿತು. ಇಂದು ಮುಂಬಯಿಗೆ ನೀರೊದಗಿಸುವ ಏಳು ಸರೋವರಗಳ ಒಟ್ಟು ಸಂಗ್ರಹದಲ್ಲಿ ಇವೆರಡರ ಪಾಲು ಶೇಕಡಾ 3ಕ್ಕಿಂತ ಕಡಿಮೆ. ಉಳಿದ ನೀರು ಭಾತ್ಸಾ, ವೈತರಣಾ, ತಾನ್ಸಾ ಮುಂತಾದ ದೂರದ ಜಲಾಶಯಗಳಿಂದ ಬರುತ್ತದೆ. ಆದರೂ ಈ ಸರೋವರಗಳ ಸುತ್ತಲಿನ ಕಾಡು ಇಂದಿನವರೆಗೆ ಉಳಿದು ಬಂದುದಕ್ಕೆ ಕುಡಿಯುವ ನೀರಿನ ರಕ್ಷಣೆಯ ಅಗತ್ಯವೂ ಒಂದು ಮುಖ್ಯ ಕಾರಣವೆಂಬುದು ಗಮನಾರ್ಹ.

2005ರ ಪಾಠ

ಕಾಡಿರುವ ಇಳಿಜಾರಿನಲ್ಲಿ ಎಲೆಗಳು ಮಳೆಯ ಹೊಡೆತವನ್ನು ತಡೆಯುತ್ತವೆ. ತರಗೆಲೆ ಮತ್ತು ಮಣ್ಣು ನೀರನ್ನು ಹೀರಿ ನಿಧಾನವಾಗಿ ಬಿಟ್ಟುಕೊಡುತ್ತವೆ. ಇಳಿದು ಬಂದ ನೀರಿಗೆ ಕೆಳಗೆ ಹರಡಿಕೊಳ್ಳಲು ಸ್ಥಳವೂ ಬೇಕು. ಮಿಠಿ ನದಿಯ ಪಾತ್ರದಲ್ಲಿ ಈ ಸ್ಥಳವೇ ಇಲ್ಲದಂತಾಯಿತು. ದಡಗಳಲ್ಲಿ ಮನೆಗಳೂ ಕಾರ್ಖಾನೆಗಳೂ ಎದ್ದವು. ವಿಮಾನ ನಿಲ್ದಾಣದ ಬಳಿ ನದಿಯ ದಿಕ್ಕನ್ನು ತಿರುಗಿಸಲಾಯಿತು. ಅಳಿವೆಯ ಕಾಂಡ್ಲಾ ವನಗಳನ್ನೂ ಜೌಗು ನೆಲವನ್ನೂ ಮಣ್ಣು ತುಂಬಿ ಮೇಲೆತ್ತಲಾಯಿತು. ಮಿಠಿ ಎಂದರೆ ಸಿಹಿ. ಆ ಹೆಸರಿನ ನದಿ ಕೊಳಚೆ ಹೊರುವ ಕಾಲುವೆಯಾಯಿತು.

2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದ ಮಳೆ ನೂರು ಮಿಲಿಮೀಟರನ್ನೂ ಮುಟ್ಟಲಿಲ್ಲ. ಬೆಟ್ಟದಿಂದ ಇಳಿದ ಪ್ರವಾಹಕ್ಕೆ ಸಮುದ್ರದ ಭರತವೂ ಅಡ್ಡವಾಯಿತು. ನಗರದಲ್ಲಿ ನಾನೂರಕ್ಕೂ ಅಧಿಕ ಜನ ಪ್ರಾಣ ಕಳೆದುಕೊಂಡರು. ಅಂಥ ಮಳೆಯನ್ನು ಯಾವ ವ್ಯವಸ್ಥೆಯೂ ಪೂರ್ಣವಾಗಿ ತಡೆದುಕೊಳ್ಳುವುದು ಕಷ್ಟ. ಆದರೆ ನದಿಗೆ ನದಿಯ ಜಾಗ ಉಳಿದಿದ್ದರೆ ಹಾನಿಯು ಇಷ್ಟಾಗುತ್ತಿರಲಿಲ್ಲ. ಅದೇ ವರ್ಷ ಮಿಠಿ ನದಿ ಅಭಿವೃದ್ಧಿ ಮತ್ತು ಸಂರಕ್ಷಣಾ ಪ್ರಾಧಿಕಾರವನ್ನು ರಚಿಸಲಾಯಿತು. ನದಿಯನ್ನು ಅಗಲಗೊಳಿಸುವ, ಹೂಳೆತ್ತುವ ಕಾರ್ಯವನ್ನು ಕೈಗೊಳ್ಳಲಾಯಿತು.

ವನವಿಹಾರ ಮತ್ತು ಎಚ್ಚರಿಕೆ

ಈ ಬೆಟ್ಟವು ಮುಂಬಯಿಯ ಜನರಿಗೆ ಸುಲಭವಾಗಿ ದೊರೆಯುವ ವಿಹಾರಧಾಮವೂ ಆಗಿದೆ. ಬೋರಿವಲಿ ರೈಲು ನಿಲ್ದಾಣದಿಂದ ಉದ್ಯಾನದ ಮುಖ್ಯದ್ವಾರ ಬಹು ಸಮೀಪ. ಅಲ್ಲಿಂದ ಕಾನ್ಹೇರಿಯವರೆಗಿನ ಮರಗಳ ನೆರಳಿನ ದಾರಿಯಲ್ಲಿ ನಡೆದು ಹೋಗುವವರು ಅನೇಕರು. ಶಿಲೋಂಡಾ ಮೊದಲಾದ ನಿಸರ್ಗಪಥಗಳಲ್ಲಿ ಸಂಚರಿಸಲು ಅನುಮತಿ ಪಡೆಯಬೇಕು. ಮಲೆನಾಡಿನಿಂದಲೂ ಕರಾವಳಿಯಿಂದಲೂ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಜುಲೈ ತಿಂಗಳ ಈ ಹಳ್ಳ, ತೊರೆಗಳು ತಮ್ಮ ಊರಿನವೇ ಎನಿಸುವುದು ಸಹಜ.

ಆದರೆ ಮಳೆಗಾಲದ ತೊರೆಯನ್ನು ನಂಬಬಾರದು. ಕೆಳಗೆ ಬಿಸಿಲಿದ್ದರೂ ಮೇಲೆ ಸುರಿದ ಮಳೆಯಿಂದ ನೀರು ಕ್ಷಣಮಾತ್ರದಲ್ಲಿ ಏರಬಹುದು. ಹರಿಯುವ ನೀರಿಗೆ ಇಳಿಯದಿರುವುದು ಕ್ಷೇಮ. ಪಾಚಿ ಹಿಡಿದ ಬಂಡೆಗಳ ಮೇಲೆ ಹತ್ತಬಾರದು. ವಿಹಾರ ಮತ್ತು ಪವಾಯಿ ಸರೋವರಗಳಲ್ಲಿ ಮೊಸಳೆಗಳಿವೆ. ಇದು ಚಿರತೆಗಳ ನೆಲೆಯೂ ಆಗಿರುವುದರಿಂದ ಕತ್ತಲಾಗುವ ಮೊದಲೇ ಹೊರಬರಬೇಕು, ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಕೋತಿಗಳಿಗೆ ತಿಂಡಿ ಹಾಕುವುದು, ಪ್ಲಾಸ್ಟಿಕ್ ಚೀಲಗಳನ್ನು ಎಸೆಯುವುದು ಸಲ್ಲದು. ಬೆಟ್ಟದಲ್ಲಿ ಬಿಸುಟ ಚೀಲವೇ ಮುಂದೊಂದು ದಿನ ನಗರದ ಮೋರಿಯ ಬಾಯಿಯನ್ನು ಮುಚ್ಚುತ್ತದೆ.

ಅರಣ್ಯ, ಸರೋವರ, ನದಿ ಮತ್ತು ವನ್ಯಜೀವಿಗಳ ರಕ್ಷಣೆಯು ಸಂವಿಧಾನದ 51ಎ ಅನುಚ್ಛೇದದಲ್ಲಿ ಹೇಳಿರುವ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಮುಂಬಯಿಯ ಮಟ್ಟಿಗೆ ಅದು ಕೇವಲ ಆದರ್ಶವಲ್ಲ, ನಗರದ ಸುರಕ್ಷತೆಯ ಪ್ರಶ್ನೆಯೂ ಹೌದು. ಮೇಲೆ ಕಾಡು ಉಳಿದು, ಕೆಳಗೆ ನದಿಯ ದಾರಿ ತೆರವಾಗಿದ್ದರೆ ಮಳೆಯು ನಗರಕ್ಕೆ ನೀರಾಗಿ ಒದಗುತ್ತದೆ; ಇಲ್ಲವಾದರೆ ಅದೇ ಮಳೆ ನೆರೆಯಾಗಿ ಮನೆಬಾಗಿಲಿಗೆ ಬರುತ್ತದೆ.