ದೋಣಿಗೆ ಲಿಥಿಯಂ ಬ್ಯಾಟರಿ: ಲೆಕ್ಕ ಎಲ್ಲಿಂದ ಶುರು?

ದೋಣಿಯ ವಿದ್ಯುತ್ ವ್ಯವಸ್ಥೆಯನ್ನು ರೂಪಿಸುವಾಗ ಮೊದಲು ಹಾಕಬೇಕಾದದ್ದು ದಿನದ ಬಳಕೆಯ ಲೆಕ್ಕ. ಒಟ್ಟು 40 ವ್ಯಾಟ್‌ನ ದೀಪಗಳು ಮತ್ತು ತಲಾ 50 ವ್ಯಾಟ್‌ನ ಎರಡು ಫ್ಯಾನು 5 ತಾಸು, 300 ವ್ಯಾಟ್‌ನ ಪಂಪು 1 ತಾಸು ಓಡಿದರೆ ಒಟ್ಟು 1,000 ವ್ಯಾಟ್-ಅವರ್. ಇನ್ವರ್ಟರ್‌ನಲ್ಲಿ ಶೇ 10ರಷ್ಟು ನಷ್ಟವಾದೀತು. ಬ್ಯಾಟರಿಯ ಶೇ 80ನ್ನಷ್ಟೇ ಬಳಸುವುದು ಕ್ಷೇಮ. ಹಾಗಾಗಿ ಸುಮಾರು 1,400 ವ್ಯಾಟ್-ಅವರ್ ಬೇಕು. 12.8 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ 1,280ಕ್ಕೇ ನಿಲ್ಲುತ್ತದೆ. 25.6 ವೋಲ್ಟಿನದಾದರೆ ಇಮ್ಮಡಿ ಸಿಗುತ್ತದೆ, ಕೇಬಲ್‌ನಲ್ಲಿ ಹರಿಯುವ ಕರೆಂಟೂ ಅರ್ಧಕ್ಕಿಳಿಯುತ್ತದೆ. ಪಂಪು ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಇನ್ವರ್ಟರ್ ದೊಡ್ಡದಿರಲಿ.

ದೋಣಿಗೆ ಲಿಥಿಯಂ ಐರನ್ ಫಾಸ್ಫೇಟ್ ಒಪ್ಪುತ್ತದೆ. ಲಿಥಿಯಂ ಬ್ಯಾಟರಿಗಳಲ್ಲಿ ಇದು ಬೇಗ ಬೆಂಕಿಗೆ ತುತ್ತಾಗುವುದಿಲ್ಲ. ಆದರೂ ಪ್ರತಿ ಸೆಲ್ಲನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಇರಲೇಬೇಕು. ಫ್ಯೂಸನ್ನು ಬ್ಯಾಟರಿಯ ಪ್ಲಸ್ ತುದಿಗೆ ಅಂಟಿದಂತೆಯೇ ಕೂರಿಸಬೇಕು. ದೂರವಿಟ್ಟರೆ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ.

ಕೇರಳದ ವೈಕಂನಲ್ಲಿ 2017ರಿಂದ ಓಡುತ್ತಿರುವ 75 ಆಸನಗಳ ‘ಆದಿತ್ಯ’ ಸೌರ ದೋಣಿ ಬ್ಯಾಟರಿ ದೋಣಿಗಳಿಗೆ ದಾರಿ ತೋರಿಸಿದೆ. ರಾಯಚೂರಿನ ಕುರ್ವಕುಲಾ, ಕುರ್ವಕುರ್ದಾ ನಡುಗಡ್ಡೆಗಳ ಜನ ಕೃಷ್ಣೆಯನ್ನು ತೆಪ್ಪದಲ್ಲೇ ದಾಟುತ್ತಾ ಬಂದವರು. ಅಂಥಲ್ಲಿಗೆ ಇಂಥ ದೋಣಿ ಬರಬೇಕು. ಆದರೆ ಇದೇ ಜಿಲ್ಲೆಯ ಬಾಗಲವಾಡದಿಂದ ದೇವದುರ್ಗದವರೆಗೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಹುಪಾಲು ಸೆಲ್ಲುಗಳ ಚಾರ್ಜಿಂಗ್ ಮಿತಿ 45 ಡಿಗ್ರಿ. ಇಲ್ಲಿ ಬ್ಯಾಟರಿ ಪೆಟ್ಟಿಗೆಗೆ ನೆರಳು, ಗಾಳಿ ಎರಡೂ ಬೇಕು.