ಡಿಕಂಪ್ರೆಶನ್ ಕಾಯಿಲೆಯಿಂದ ರಕ್ತ ಮತ್ತು ದೇಹದ ಮೇಲಾಗುವ ಪರಿಣಾಮಗಳು: ಸಾರ್ವಜನಿಕರಿಗೆ ಮಾಹಿತಿ

ಆಳ ನೀರಿನಲ್ಲಿ ಅಥವಾ ಸಂಪೀಡಿತ ಗಾಳಿ ತುಂಬಿದ ಕೋಣೆಗಳಲ್ಲಿ ಕೆಲಸ ಮಾಡಿದವರು ಸಾಮಾನ್ಯ ಒತ್ತಡಕ್ಕೆ ಶೀಘ್ರವಾಗಿ ಮರಳಿದಾಗ ಉಂಟಾಗುವ ಅಸ್ವಸ್ಥತೆಯನ್ನು ಡಿಕಂಪ್ರೆಶನ್ ಕಾಯಿಲೆ ಎನ್ನಲಾಗುತ್ತದೆ. ಸಂಪೀಡಿತ ಗಾಳಿಯಲ್ಲಿನ ಕೆಲಸದಿಂದ ಬರುವ ಕಾಯಿಲೆಗಳನ್ನು 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳೆಂದು ಸೇರಿಸಲಾಗಿತ್ತು.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ ಅದು ಮೇಲ್ಮೈಯ ಒತ್ತಡದ ನಾಲ್ಕು ಪಟ್ಟು. ಆಗ ಉಸಿರಾಡಿದ ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವು ಹೆಚ್ಚಿನ ಪ್ರಮಾಣದಲ್ಲಿ ರಕ್ತದಲ್ಲಿ ಕರಗಿ ಅಂಗಾಂಶಗಳನ್ನು, ವಿಶೇಷವಾಗಿ ಕೊಬ್ಬನ್ನು ಸೇರುತ್ತದೆ. ಆಮ್ಲಜನಕವನ್ನು ದೇಹವು ಖರ್ಚು ಮಾಡುತ್ತದೆ. ಸಾರಜನಕವು ಖರ್ಚಾಗದೆ ಜಮೆಯಾಗಿಯೇ ಉಳಿಯುವುದರಿಂದ ಶ್ವಾಸಕೋಶದ ಮೂಲಕವೇ ನಿಧಾನವಾಗಿ ಹೊರಹೋಗಬೇಕು. ಅವಸರದಿಂದ ಮೇಲೆ ಬಂದಲ್ಲಿ ಅದು ಗುಳ್ಳೆಗಳ ರೂಪ ತಾಳುತ್ತದೆ. ಇದನ್ನು ಫ್ರಾನ್ಸಿನ ವಿಜ್ಞಾನಿ ಪಾಲ್ ಬರ್ಟ್ ಅವರು 1878ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಗುಳ್ಳೆಗಳು ರಕ್ತನಾಳಗಳಿಗೆ ಅಡ್ಡಿಯಾಗುವುದಷ್ಟೇ ಅಲ್ಲ. ರಕ್ತದ ಪ್ರೋಟೀನುಗಳು ಗುಳ್ಳೆಯ ಮೇಲ್ಮೈಗೆ ಅಂಟಿ ರೂಪಗೆಡುತ್ತವೆ. ಕಿರುಬಿಲ್ಲೆಗಳು ಅಲ್ಲಿ ಗುಂಪುಗೂಡುವುದರಿಂದ ರಕ್ತದಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ. ಹೆಪ್ಪುಗಟ್ಟುವಿಕೆ ಮತ್ತು ಉರಿಯೂತದ ಕ್ರಿಯೆಗಳು ಪ್ರಾರಂಭವಾಗುತ್ತವೆ. ರಕ್ತನಾಳಗಳ ಒಳಪದರಕ್ಕೆ ಹಾನಿಯಾಗಿ ದ್ರವಾಂಶವು ಹೊರಸೋರುತ್ತದೆ. ತೀವ್ರ ಪ್ರಕರಣಗಳಲ್ಲಿ ಇದರಿಂದ ರಕ್ತ ಗಟ್ಟಿಯಾಗಿ ರೋಗಿಯು ಆಘಾತ ಸ್ಥಿತಿಗೆ ತಲುಪುವುದೂ ಉಂಟು. ಗುಳ್ಳೆಗಳು ಕರಗಿದ ಮೇಲೂ ತೊಂದರೆ ಮುಂದುವರಿಯಲು ಇದೇ ಕಾರಣ.

ಕೀಲುನೋವು, ಚರ್ಮದ ತುರಿಕೆ, ಕೈಕಾಲು ಜೋಮು, ತಲೆಸುತ್ತು ಮತ್ತು ಉಸಿರಾಟದ ತೊಂದರೆ ಮುಖ್ಯ ಲಕ್ಷಣಗಳಾಗಿದ್ದು, ಸಾಮಾನ್ಯವಾಗಿ 24 ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ. ಕೀಲುನೋವನ್ನು ದುಡಿಮೆಯ ಆಯಾಸವೆಂದು ಕಡೆಗಣಿಸುವುದೇ ಹೆಚ್ಚು. ಅಂಥವರಿಗೆ ತಕ್ಷಣ ಶುದ್ಧ ಆಮ್ಲಜನಕ ನೀಡಿ, ಮರುಸಂಪೀಡನ ಕೊಠಡಿಯಿರುವ ಆಸ್ಪತ್ರೆಗೆ ಸಾಗಿಸತಕ್ಕದ್ದು. ಗುಣವಾಗಲೆಂದು ಮತ್ತೆ ನೀರಿಗಿಳಿಸಬಾರದು.

ಈ ಕಾಯಿಲೆಯನ್ನು ಖಚಿತಪಡಿಸುವ ಪ್ರತ್ಯೇಕ ರಕ್ತಪರೀಕ್ಷೆ ಇರುವುದಿಲ್ಲ. ಆದುದರಿಂದ ಪರಿಹಾರ ಕೋರುವ ಅರ್ಜಿದಾರರಿಗೆ ಪ್ರಯೋಗಾಲಯದ ವರದಿಗಿಂತ ಕೆಲಸದ ದಾಖಲೆಯೇ ಹೆಚ್ಚು ಉಪಯುಕ್ತ. ಇಳಿದ ಆಳ, ಅಲ್ಲಿದ್ದ ಅವಧಿ, ಮೇಲೆ ಬಂದ ಸಮಯ ಹಾಗೂ ಲಕ್ಷಣ ಕಾಣಿಸಿದ ಸಮಯವನ್ನು ಅಂದೇ ಬರೆದಿಟ್ಟು, ವೈದ್ಯರ ಚಿಕಿತ್ಸಾ ಪತ್ರದಲ್ಲಿಯೂ ನಮೂದಿಸಿಕೊಳ್ಳುವುದು. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವ ಪ್ರವಾಸಿಗರು ಒಂದು ಬಾರಿ ಇಳಿದಿದ್ದಲ್ಲಿ ಕನಿಷ್ಠ 12 ಗಂಟೆ, ಹಲವು ಬಾರಿ ಇಳಿದಿದ್ದಲ್ಲಿ 18 ಗಂಟೆ ಕಳೆಯುವವರೆಗೆ ವಿಮಾನ ಪ್ರಯಾಣ ಕೈಗೊಳ್ಳಬಾರದು.